ಧಾರವಾಡಕ್ಕೆ ಹೋದ ಬುತ್ತಿ

'ತುತ್ತು' ತಪ್ಪು ಹೇಳುತ್ತದೆ ಎಂದು ಆ ದಿನಗಳಲ್ಲಿ ಯಾರಾದರೂ ಅಂದಿದ್ದರೆ, ಜನ ಆ್ಯಪನ್ನು ಬಿಟ್ಟು ಅಂದವರನ್ನೇ ಅನುಮಾನದಿಂದ ನೋಡುತ್ತಿದ್ದರು. ಅಷ್ಟು ನಂಬಿಕೆ ಅದರ ಮೇಲೆ! ಮದುವೆಮನೆಯ ಪಂಕ್ತಿಯಲ್ಲಿ ಕೂತವರು ಮೊದಲ ತುತ್ತು ಬಾಯಿಗಿಡುವ ಮುಂಚೆ ಫೋನನ್ನು ಎಲೆಯ ಮೇಲೆ ಹಿಡಿಯುತ್ತಿದ್ದರು. ಫೋನು ಗುಣಗುಟ್ಟಿ, 'ಎಂಟುನೂರ ಹತ್ತು ಕ್ಯಾಲರಿ' ಎನ್ನುತ್ತಿತ್ತು. ಪಕ್ಕದಲ್ಲಿ ಕೂತ ಭಾವ ಇನ್ನೊಂದು ಹೋಳಿಗೆ ಹಾಕಿಸಲು ಬಂದರೆ, 'ನನ್ನ ತುತ್ತು ಒಪ್ಪಂಗಿಲ್ಲ ಮಾರಾಯಾ' ಎಂದು ಎಲೆಗೆ ಕೈ ಅಡ್ಡ ಹಿಡಿಯುವುದು ಹುಬ್ಬಳ್ಳಿಯ ಕಡೆ ಹೊಸ ಠೀವಿಯೇ ಆಗಿಹೋಗಿತ್ತು.

ಅದನ್ನು ಕಟ್ಟಿದವರು ಧಾರವಾಡದ ಆಹಾರ ಮಾಪನ ಕೇಂದ್ರದವರು. ಆ ಕೆಲಸಕ್ಕೆ ಮುಂದಾಳು ನೀಲಾಂಬಿಕಾ ಸಜ್ಜನ. ಮಾತು ಕಡಿಮೆ, ಕೆಲಸ ಜಾಸ್ತಿ ಅನ್ನುವ ಹೆಂಗಸು. ಫೋನಿನಿಂದ ಹೊರಡುವ, ಕಣ್ಣಿಗೆ ಕಾಣದ ಬೆಳಕಿನ ಎಳೆಗಳು ತಟ್ಟೆಯ ಮೇಲಿನ ಪ್ರತಿಯೊಂದು ರಾಶಿಯ ಎತ್ತರ, ಅಗಲ ಅಳೆಯುತ್ತವೆ. ಅದರಿಂದ ಎಷ್ಟು ಅನ್ನ, ಎಷ್ಟು ಪಲ್ಯ ಎಂದು ಗೊತ್ತಾಗುತ್ತದೆ. ಆದರೆ ಪಲ್ಯದೊಳಗೆ ಎಣ್ಣೆ ಎಷ್ಟು, ಶೇಂಗಾ ಎಷ್ಟು ಎಂಬುದು ಯಾವ ಬೆಳಕಿಗೂ ಪೂರ್ತಿ ಕಾಣುವುದಿಲ್ಲ. ಅದನ್ನು ಯಂತ್ರಕ್ಕೆ ಕಲಿಸಬೇಕು. ಕಲಿಸಲೆಂದೇ ಕೇಂದ್ರದ ಜನ ಬೀದರಿನಿಂದ ಹಾವೇರಿಯವರೆಗೆ ಮನೆಮನೆಗೆ ಹೋಗಿ, ಊಟದ ತಟ್ಟೆಯ ಚಿತ್ರ ತೆಗೆದು, ಅಂಥದೇ ಇನ್ನೊಂದು ತಟ್ಟೆಯನ್ನು ಡಬ್ಬಿಗೆ ತುಂಬಿ ತಂದಿದ್ದರು. ಪ್ರಯೋಗಶಾಲೆಯಲ್ಲಿ ಅದನ್ನು ಒಣಗಿಸಿ, ಪುಡಿ ಮಾಡಿ, ಆಮ್ಲಜನಕ ತುಂಬಿದ ಉಕ್ಕಿನ ಗುಂಡಿನಲ್ಲಿಟ್ಟು ಸುಡುತ್ತಿದ್ದರು. ಗುಂಡಿನ ಸುತ್ತಲಿನ ನೀರು ಎಷ್ಟು ಬಿಸಿಯಾಯಿತೋ ಅದೇ ಆ ಊಟದ ನಿಜವಾದ ಶಕ್ತಿ. ಹೀಗೆ ಸಾವಿರಾರು ಊಟ ಸುಟ್ಟ ಮೇಲೆ, ಇಂಥ ಬಣ್ಣಕ್ಕೆ ಇಷ್ಟು ಎಣ್ಣೆ, ಇಂಥ ಗಸಿಗೆ ಇಷ್ಟು ಶೇಂಗಾ ಎಂದು ತುತ್ತು ಊಹಿಸಲು ಕಲಿಯಿತು. ಭಲೇ ಕಲಿಕೆ! ಯಾರಾದರೂ ಮೆಚ್ಚಲೇಬೇಕು.

ಬೆಳಗಾವಿಯ ಹೃದಯ ಆಸ್ಪತ್ರೆಯೊಂದರ ಶಸ್ತ್ರವೈದ್ಯ ಡಾ. ಇನಾಮದಾರ ಫೋನ್ ಮಾಡಿದ್ದು ಇಂಥ ವೈಭವದ ದಿನಗಳಲ್ಲಿ.

"ನೀಲಾ, ನಿಮ್ಮ ತುತ್ತು ಒಂದು ಹುಡುಗಿ ವಿಷಯದಾಗ ನನ್ನ ತಲಿ ಕೆಡಿಸೇತಿ ನೋಡ್ರಿ" ಎಂದರು ಅವರು.

ಹುಡುಗಿಯ ಹೆಸರು ಶೈಲಾ. ಗುಳೇದಗುಡ್ಡದ ಕುಪ್ಪಸದ ಖಣ ನೇಯುವ ಮನೆಯ ಸೊಸೆ. ಸಣ್ಣವಳಿದ್ದಾಗ ಬಂದ ಜ್ವರ ಹೃದಯದ ಕವಾಟವನ್ನು ಕೆಡಿಸಿತ್ತು. ಕವಾಟ ಬದಲಿಸಿದರೆ ಬದುಕುತ್ತಾಳೆ. ಆದರೆ ಅವಳ ತೂಕ ಮೂವತ್ನಾಲ್ಕು ಕೆಜಿ. ನಲವತ್ತು ದಾಟದೆ ಎದೆ ತೆರೆದರೆ ಆ ಮೈ ತಡೆಯುವುದಿಲ್ಲ. ತಿಂಗಳುಗಟ್ಟಲೆಯಿಂದ ತುತ್ತು ದಿನಕ್ಕೆ ಎರಡು ಸಾವಿರದ ಇನ್ನೂರು ಕ್ಯಾಲರಿ ತೋರಿಸುತ್ತಿದೆ. ತೂಕದ ಮುಳ್ಳು ಮಾತ್ರ ಅಲುಗುತ್ತಿಲ್ಲ.

"ಉಂಡದ್ದು ಮೈಗೆ ಹತ್ತವಲ್ಲದು ಅಂದ್ರ ಆಪರೇಶನ್ ಮಾಡಿ ಉಪಯೋಗಿಲ್ಲ. ಇಲ್ಲಾ, ಫೋಟೋ ಇಕೀದು, ಊಟ ಮತ್ತ್ಯಾರದೋ. ಎರಡರಾಗ ಯಾವುದಾದ್ರೂ ನಮ್ಮ ಸಮಿತಿ ಆಕಿ ಹೆಸರು ಪಟ್ಟಿಯಿಂದ ತಗದು ಬರೇ ಗುಳಿಗಿ ಮ್ಯಾಲೆ ಇಡತೈತಿ. ಅದಕ್ಕ ಮೊದಲ ತುತ್ತಿನ ಲೆಕ್ಕ ಖರೆ ಅಂತ ನಿಮ್ಮ ಸಹಿ ಬೇಕು."

"ಬರೇ ಗುಳಿಗಿ ಅಂದ್ರ ಎಷ್ಟು ದಿನ, ಡಾಕ್ಟರ?"

"ಬರೂ ದೀಪಾವಳಿ ಕಂಡ್ರ ಹೆಚ್ಚು" ಎಂದರು ಇನಾಮದಾರರು.

ಸಹಿ ಹಾಕಬಹುದಿತ್ತು. ಯಂತ್ರದ ಮೇಲೆ ಅವಳಿಗೆ ಅಷ್ಟು ಭರವಸೆಯಿತ್ತು. ಆದರೆ ನೀಲಾಂಬಿಕಾ ಹಾಲು ಕಾಯ್ದಿದೆ ಎಂದು ಗೊತ್ತಿದ್ದರೂ ಮುಚ್ಚಳ ತೆಗೆದು ನೋಡುವ ಜಾತಿ. ಗುಳೇದಗುಡ್ಡಕ್ಕೆ ಹೇಳಿ ಕಳಿಸಿದಳು: ಶೈಲಾ ಒಂದು ದಿನ ಏನೇನು ಉಣ್ಣುತ್ತಾಳೋ ಅಂಥದೇ ಇನ್ನೊಂದು ಪಾಲು, ಅಷ್ಟೇ ಅಳತೆಯದು, ಕಟ್ಟಿ ಕಳಿಸಿ, ಅವಳ ತಟ್ಟೆಯ ಚಿತ್ರವನ್ನೂ ಕಳಿಸಿ.

ಬುತ್ತಿ ತಂದವನು ಶೈಲಾಳ ಗಂಡ ಮುತ್ತಪ್ಪ. ಬಿಳಿ ಬಟ್ಟೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲಲ್ಲೇ ನಿಂತಿದ್ದ.

"ಇದ್ರಾಗ ಏನರ ಹೆಚ್ಚುಕಮ್ಮಿ ಬಂದ್ರ ಆಕಿ ಹೆಸರು ಹೊಡದು ಹಾಕ್ತಾರಂತ, ಖರೇನ್ರಿ ಬಾಯಾರ?"

"ನೀವು ಆಕಿ ಉಂಡದ್ದ ತಂದೀರಿ, ಹೌದಲ್ಲೋ?"

"ನಮ್ಮವ್ವನ ಕೈಯಾರ ಕಟ್ಯಾಳ್ರೀ. ಅಳತಿ ತಪ್ಪಿಲ್ಲ."

"ಹಂಗಾದ್ರ ನೆಟ್ಟಗ ಮನಿಗೆ ಹೋಗ್ರಿ. ಅಂಜಬ್ಯಾಡ್ರಿ."

ಗಂಟು ಬಿಚ್ಚಿದಾಗ ಇಡೀ ಪ್ರಯೋಗಶಾಲೆ ಘಮ್ಮೆಂದಿತು. ಎಳೆ ಬದನೆಯ ಎಣ್ಣೆಗಾಯಿ, ರೊಟ್ಟಿ, ಗಟ್ಟಿ ಮೊಸರು, ಅನ್ನ, ಸಾರು. ಸುಡುವುದಕ್ಕೆ ಮನಸ್ಸಾಗದೆ ಅಲ್ಲಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ಸುಟ್ಟರು. ಗುಂಡು ಹೇಳಿದ್ದು ಎರಡು ಸಾವಿರದ ನೂರಾ ತೊಂಬತ್ತು. ತುತ್ತು ಶೈಲಾಳ ತಟ್ಟೆಯ ಚಿತ್ರ ನೋಡಿ ಹೇಳಿದ್ದು ಎರಡು ಸಾವಿರದ ಇನ್ನೂರ ಹತ್ತು. ಒಂದು ಬಾಳೆಹಣ್ಣಿನ ಕಾಲು ಭಾಗದಷ್ಟೂ ವ್ಯತ್ಯಾಸವಿಲ್ಲ! ಚಪ್ಪಾಳೆ ಬಿದ್ದವು. ನಿರ್ದೇಶಕ ಡಾ. ಗಲಗಲಿ, "ಇದನ್ನ ಜಗತ್ತಿನ ಮುಂದ ಇಡಬೇಕು ನೀಲಾ" ಎಂದು ಬೆನ್ನು ತಟ್ಟಿದರು.

ನೀಲಾಂಬಿಕಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ತನ್ನ ಯಂತ್ರ ಗೆದ್ದಿತ್ತು, ಅದೇ ಗಳಿಗೆಯಲ್ಲಿ ಗುಳೇದಗುಡ್ಡದ ಹುಡುಗಿ ಸೋತಿದ್ದಳು. ಇಂಥ ಗೆಲುವಿಗೆ ಬೆಂಕಿ ಹಾಕ ಎನಿಸಿತು ಅವಳಿಗೆ. ಸಹಿ ಹಾಕುವ ಮೊದಲು ಆ ಹುಡುಗಿಯ ಮುಖವನ್ನಾದರೂ ನೋಡಬೇಕು, ಎದುರಿಗೆ ಕೂತು ವಿಷಯ ಹೇಳಬೇಕು ಎಂದು ಕೇಂದ್ರದ ಜೀಪು ಹೊರಡಿಸಿದಳು. ಜೀಪು ಓಡಿಸುವವನು ಫಕ್ಕೀರಪ್ಪ; ಹಿಂದೆ ಮನೆಮನೆಯಿಂದ ಊಟದ ಡಬ್ಬಿ ಹೊತ್ತು ತಂದವನೂ ಅವನೇ.

ಮಗ್ಗದ ಲಟಕ್ ಪಟಕ್ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ಪಡಸಾಲೆಯಲ್ಲಿ ಶೈಲಾ ಗೋಡೆಗೊರಗಿ ನೇಯುವ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ನಾಲ್ಕು ಸುತ್ತು ಸುತ್ತಿ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಕೈ ಎಷ್ಟು ತೆಳ್ಳಗಿತ್ತೆಂದರೆ ಹಸಿರು ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ನೀಲಾಂಬಿಕಾಳಿಗೆ ತಾನು ಹೇಳಲು ಬಂದ ಮಾತೆಲ್ಲ ಅಲ್ಲೇ ಮರೆತುಹೋಯಿತು.

ಅತ್ತೆ ಕಾಶವ್ವ ಮಾತಾಡಲು ಬಿಟ್ಟರೆ ತಾನೆ! "ಬರ್ರಿ ಅಕ್ಕಾರ, ಬರ್ರಿ. ಕೈಕಾಲು ತೊಳಕೋರಿ. ಮೊದಲ ಊಟ, ಆಮ್ಯಾಲೆ ಮಾತು. ಧಾರವಾಡದಿಂದ ಬಂದು ಬರೇ ಹೊಟ್ಟೀಲೆ ಕುಂತ್ರ ನಾವು ಉಣ್ಣೂದು ಹೆಂಗ?" ಎಂದು ಮಣೆ ಹಾಕಿಯೇಬಿಟ್ಟಳು.

ಬಿಸಿ ರೊಟ್ಟಿ ಬಿತ್ತು, ಎಣ್ಣೆಗಾಯಿ ಬಿತ್ತು, ಕೆನೆ ಮೊಸರು ಬಿತ್ತು. ನೀಲಾಂಬಿಕಾ ಅಭ್ಯಾಸಬಲದಿಂದ ಫೋನಿನ ತುತ್ತು ಹಿಡಿದು ನೋಡಿ, ಉಣ್ಣತೊಡಗಿದಳು. ಅಡುಗೆ ಅಮೃತ. ನೀಲಾಂಬಿಕಾಳ ಬಲವಂತಕ್ಕೆ ಶೈಲಾ ಕೂಡ ತನ್ನ ತಟ್ಟೆ ತಂದು ಪಕ್ಕದಲ್ಲಿ ಕೂತಳು. ಕೂತವಳು ಪಾಠ ಒಪ್ಪಿಸುವ ಮಗುವಿನಂತೆ ಮೊದಲು ಫೋನ್ ಹಿಡಿದು ಚಿತ್ರ ತೆಗೆದಳು. ಎರಡೂ ತಟ್ಟೆ ನೋಡಲು ಒಂದೇ. ಅದೇ ಕೆಂಪು, ಅದೇ ಬದನೆಕಾಯಿ.

ಕಾಶವ್ವ ಬೇಡಬೇಡವೆಂದರೂ ಇನ್ನೊಂದು ರೊಟ್ಟಿ ಹಾಕಿದಳು. ನೀಲಾಂಬಿಕಾಳ ತಟ್ಟೆಯಲ್ಲಿ ಪಲ್ಯ ಮುಗಿದಿತ್ತು. ಕಾಶವ್ವನನ್ನು ಮತ್ತೆ ಏಳಿಸುವುದು ಬೇಡವೆಂದು, ಸಲಿಗೆಯಿಂದ ಶೈಲಾಳ ತಟ್ಟೆಯ ಪಲ್ಯಕ್ಕೇ ರೊಟ್ಟಿಯ ಚೂರು ಅದ್ದಿದಳು.

"ಅಯ್ಯಯ್ಯ ಅಕ್ಕಾರ, ಅದು ಬ್ಯಾಡ್ರಿ, ಅದು ಆಕೀದು!" ಕಾಶವ್ವ ಕೂಗಿಕೊಂಡಳು.

ಅಷ್ಟರಲ್ಲಿ ತುತ್ತು ಬಾಯೊಳಗಿತ್ತು. ನೀಲಾಂಬಿಕಾ ಅಗಿಯುವುದನ್ನೇ ನಿಲ್ಲಿಸಿದಳು. ಖಾರದ ನೀರಿನಲ್ಲಿ ಬೇಯಿಸಿದ ಬದನೆಕಾಯಿ! ಎಣ್ಣೆಯಿಲ್ಲ, ಶೇಂಗಾ ಇಲ್ಲ, ಎಳ್ಳಿಲ್ಲ. ಮೊಸರಿಗೆ ಬೆರಳದ್ದಿ ನೆಕ್ಕಿದಳು. ಅದು ಬಿಳಿ ನೀರು.

"ಇದು ಬ್ಯಾರೆ ಐತಲ್ರೀ ಅವ್ವಾರ?"

"ಬ್ಯಾರೆ ಇರಬೇಕಲ್ರೀ ಮತ್ತ!" ಕಾಶವ್ವನ ದನಿಯಲ್ಲಿ ಹೆಮ್ಮೆಯಿತ್ತು. "ಎದೀ ರೋಗದಾಕಿಗೆ ಎಣ್ಣಿ ಅಂದ್ರ ವಿಷ ಅಂತ ಊರೆಲ್ಲಾ ಹೇಳತೈತಿ. ಈ ಮನಿಗೆ ಬಂದಾಗಿಂದ ಆಕಿ ಪಲ್ಯಾಕ್ಕ ಒಂದು ಹನಿ ಹಾಕಿದಾಕಿ ಅಲ್ಲ ನಾನು. ಶೇಂಗಾ ಆಕಿ ಹತ್ರ ಸುಳಿಯಾಕ ಬಿಟ್ಟಿಲ್ಲ. ಆದ್ರ ಆಕಿಗೆ ಮನಸಿಗೆ ಹತ್ತಬಾರದು ನೋಡ್ರಿ, ನನಗೊಬ್ಬಾಕಿಗೇ ರೋಗಿ ಊಟ ಅಂತ. ಅದಕ್ಕ ಬ್ಯಾಡಗಿ ಮೆಣಸಿನಕಾಯಿ ಅರದು ಬಣ್ಣಾ ಕೂಡಸ್ತೀನಿ. ಯಾರ ನೋಡಿದ್ರೂ ಒಂದೇ ಅನಬೇಕು."

ಅಬ್ಬಾ, ಆ ಕೈಚಳಕವೇ! ಕೋಟಿಗಟ್ಟಲೆ ಸುರಿದು ಕಟ್ಟಿದ ಯಂತ್ರದ ಕಣ್ಣಿಗೂ ಒಂದೇ ಅನ್ನಿಸಿತ್ತು.

"ಮತ್ತ ಧಾರವಾಡಕ್ಕ ಕಳಿಸಿದ ಬುತ್ತಿ?"

"ಅದು ಪರಊರಿಗೆ ಹೋಗೂ ಬುತ್ತಿ ಅಲ್ರೀ ಅಕ್ಕಾರ! ಹಾದಿಯಾಗ ಕೆಡಬಾರದಂತ ಎಣ್ಣಿ ಕೈಬಿಚ್ಚಿ ಹಾಕೀನಿ. ಅಳತಿ ಮಾತ್ರ ಆಕೀದು, ಒಂದು ತುತ್ತು ಹೆಚ್ಚಿಲ್ಲ ಕಮ್ಮಿಲ್ಲ. ಅಲ್ಲಾ, ದೊಡ್ಡ ದೊಡ್ಡ ಮಂದಿ ಗಂಟು ಬಿಚ್ಚಿ ನೋಡ್ತಾರ; ಆ ನೀರು ಪಲ್ಯಾ ಕಳಿಸಿ ನಮ್ಮ ಮನಿ ಮಾನಾ ಕಳಕೋಬೇಕೇನು?"

ನೀಲಾಂಬಿಕಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೆತ್ತಗೆ ಹೇಳಿದಳು: ಈ ಕವಾಟದ ರೋಗಕ್ಕೆ ಎಣ್ಣೆ ವಿಷವಲ್ಲ. ಏದುಸಿರಿನ ಹುಡುಗಿ ಹೊಟ್ಟೆ ತುಂಬ ಉಣ್ಣಲಾರಳು. ಉಣ್ಣುವ ನಾಲ್ಕೇ ತುತ್ತಿನಲ್ಲಿ ಎಣ್ಣೆ, ಶೇಂಗಾ, ಕೆನೆ ಇರಲೇಬೇಕು. ಅದಿಲ್ಲದೆ ಅವಳು ಬರಿದಾಗುತ್ತಿದ್ದಾಳೆ.

ಕಾಶವ್ವನ ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಜಾರಿತು. "ನನ್ನ ಕೈಯಾರೆ ಕೂಸಿನ್ನ ಹಸಿವಿಲೆ ಕೊಂದೆನೇನ ಯವ್ವಾ" ಎಂದು ಹಣೆ ಹಣೆ ಬಡಿದುಕೊಂಡಳು.

"ಅತ್ತೀ, ಹಂಗನಬ್ಯಾಡ್ರಿ" ಎಂದು ಶೈಲಾ ಅವಳ ಕೈ ಹಿಡಿದಳು.

"ನೀವಲ್ರೀ ಅವ್ವಾರ" ಎಂದಳು ನೀಲಾಂಬಿಕಾ. "ದಿನಾ ಮೂರು ಹೊತ್ತು, ಸಾಕಷ್ಟು ಉಂಡಾಳ ಅಂತ ನಿಮಗ ಹೇಳಿದ್ದು ನನ್ನ ಯಂತ್ರ. ಅದು ಬಾಯಿ ಮುಚ್ಚಿಕೊಂಡಿದ್ರ ನಿಮಗ ಯಾವಾಗೋ ಸಂಶಯ ಬರ್ತಿತ್ತು."

ಹಿಂದಿರುಗುವಾಗ ಜೀಪಿನಲ್ಲಿ ಅವಳ ತಲೆ ಓಡುತ್ತಲೇ ಇತ್ತು. ಕಾಶವ್ವ ಬಣ್ಣ ಕೂಡಿಸಿದ್ದು ಸರಿ. ಆದರೆ ಕೆಂಪು ಕಂಡಲ್ಲೆಲ್ಲ ಎಣ್ಣೆ ಇದೆ ಎಂದು ತುತ್ತಿಗೆ ಅಷ್ಟು ಖಾತರಿ ಎಲ್ಲಿಂದ ಬಂತು?

"ಫಕ್ಕೀರಪ್ಪಾ, ಊಟದ ತಾಟು ತರಾಕ ಮನಿಮನಿಗೆ ಹೋದಾಗ ಮಂದಿ ನಿನಗ ಏನು ಬಡಸ್ತಿದ್ರು?"

"ಏನ್ ಕೇಳ್ತೀರಿ ಮೇಡಮ್ಮಾರ!" ಫಕ್ಕೀರಪ್ಪನ ಮುಖ ಅರಳಿತು. "ಹೋದ ಹೋದಲ್ಲಿ ಬೀಗರ ಊಟ. ನಿಮ್ಮ ದಿನದ ಊಟಾನ ಕೊಡ್ರಿ ಅಂದ್ರ, ದಿನಾ ಹಿಂಗ ಉಣ್ತೀವಿ ಅಂತ ತುಪ್ಪದ ಗಿಂಡಿ ತರೋರು. ಡಬ್ಬಿಗೂ ಅದ, ನನ್ನ ಹೊಟ್ಟಿಗೂ ಅದ. ಆ ವರ್ಷ ನನ್ನ ಪ್ಯಾಂಟು ಒಂದೂ ಹಿಡೀಲಿಲ್ರಿ."

ನೀಲಾಂಬಿಕಾ ಜೀಪು ನಿಲ್ಲಿಸಲು ಹೇಳಿ ಕೆಳಗಿಳಿದು, ಹೊಲದ ಬದುವಿನ ಮೇಲೆ ಕೂತುಬಿಟ್ಟಳು. ಸಾವಿರಾರು ತಟ್ಟೆ ಸುಟ್ಟಿದ್ದರು, ಎಲ್ಲವೂ ಅತಿಥಿಯ ತಟ್ಟೆ! ಬಾಗಿಲಿಗೆ ಬಂದವನಿಗೆ ದಿನದ ಗಂಜಿ ಹಾಕದ ಈ ನಾಡಿನ ಜನ, ಒಬ್ಬರ ಕಿವಿ ಒಬ್ಬರು ಕಚ್ಚದೆಯೇ, ಬೀದರಿನಿಂದ ಹಾವೇರಿಯವರೆಗೆ ಒಂದೇ ಸಮನೆ ವಿಜ್ಞಾನಕ್ಕೆ ಹಬ್ಬದೂಟ ಬಡಿಸಿದ್ದರು. ಯಂತ್ರ ಪಾಪ, ಉಂಡ ಮನೆಗೆ ನಿಷ್ಠವಾಗಿತ್ತು. ಮತ್ತೆ ಇಷ್ಟು ದಿನ ಯಾರಿಗೂ ತಿಳಿಯಲಿಲ್ಲವೇಕೆ? ತುತ್ತು ಹಿಡಿದವರಲ್ಲಿ ಮುಕ್ಕಾಲು ಪಾಲು ತೂಕ ಇಳಿಸುವವರು. ತಿಂದದ್ದಕ್ಕಿಂತ ಹೆಚ್ಚು ತಿಂದಿರಿ ಎಂದು ಅದು ಗದರಿಸಿದರೆ ಅವರು ಇನ್ನಷ್ಟು ಕಡಿಮೆ ತಿಂದರು, ಸೊಂಟ ಕರಗಿತು, ಊರೆಲ್ಲ ಹೊಗಳಿದರು. ತಮಗೆ ಲಾಭವಾದ ತಪ್ಪನ್ನು ಯಾರು ತಾನೆ ಹುಡುಕಿಕೊಂಡು ಹೋಗುತ್ತಾರೆ?

ಗಲಗಲಿಯವರು ಕೇಳಿ ಹೌಹಾರಿದರು. "ಲಕ್ಷಾಂತರ ಮಂದಿ ಇದನ್ನ ನಂಬಿ ತೂಕ ಇಳಿಸ್ಯಾರ. ಈಗ ತಪ್ಪು ಅಂದ್ರ ನಮ್ಮ ಮುಖಕ್ಕ ಉಗೀತಾರ."

"ಇಳಿಸೋರ ಕಡೆ ತಪ್ಪಿದ್ರ ಒಂದು ಹೋಳಿಗಿ ನಷ್ಟ ಸರ್. ಏರಿಸೋರ ಕಡೆ ತಪ್ಪಿದ್ರ ಜೀವಾನ ಹೋಗತೈತಿ. ನೀವು ಹೇಳ್ತೀರೋ, ನಾ ಹೇಳಲೋ?"

ಗಲಗಲಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೊನೆಗೆ ತಾವೇ ಪತ್ರಿಕೆಗಳಿಗೆ ಹೇಳಿದರು. ಉಗಿದವರೂ ಇದ್ದರು. ಆದರೆ ಹೇಳಿದ್ದು ಹೇಳಿದ್ದೇ. ಆ ಮನುಷ್ಯನ ಬಗ್ಗೆ ಅಂದಿನಿಂದ ಕೇಂದ್ರದಲ್ಲಿ ಯಾರೂ ಹಗುರವಾಗಿ ಮಾತಾಡಲಿಲ್ಲ. ಇನಾಮದಾರರೂ ಕೆಲವು ತಿಂಗಳ ಆಚೆಗಿದ್ದ ಸಮಿತಿಯ ಮುಂದಿನ ಸಭೆಯವರೆಗೆ ಸಮಯ ಕೊಟ್ಟರು. ಷರತ್ತು ಒಂದೇ: ಶೈಲಾ ಉಣ್ಣುವುದರ ನಿಜವಾದ ಲೆಕ್ಕ ಬೇಕು. ಕಡಿಮೆಯಾದರೆ ತೂಕ ಏರದು. ಹೆಚ್ಚು ತುರುಕಿ ಉಪ್ಪು, ನೀರು ಮೀರಿದರೆ ಆ ಹೃದಯ ಮುಳುಗುತ್ತದೆ.

ನಿಜವಾದ ಲೆಕ್ಕ! ಅದಕ್ಕೆ ಆ ಮನೆಯ ನಿಜವಾದ ಅಡುಗೆ ಸುಡಬೇಕು, ಯಂತ್ರಕ್ಕೆ ಹೊಸದಾಗಿ ಕಲಿಸಬೇಕು. ನೀಲಾಂಬಿಕಾ ಬಟ್ಟೆಬರೆ ಕಟ್ಟಿಕೊಂಡು ಕಾಶವ್ವನ ಮನೆಗೇ ಬಂದಳು. ಫಕ್ಕೀರಪ್ಪ ದಿನಾ ಡಬ್ಬಿ ಒಯ್ಯುವುದು, ಪ್ರಯೋಗಶಾಲೆಯ ಹುಡುಗಿಯರು ಸುಟ್ಟು ಫೋನ್ ಮಾಡುವುದು. ಪ್ರತಿದಿನ ಅದೇ ಸಂಖ್ಯೆ, ಅದೇ ಹಬ್ಬದೂಟ! ಕಾಶವ್ವನಿಗೆ ಎಷ್ಟು ತಿಳಿಸಿ ಹೇಳಿದರೂ, "ಹೂಂ ಅಕ್ಕಾರ, ದಿನದ ಅಡಗೀನ ಮಾಡೀನಿ" ಎಂದು ಗೋಣು ಹಾಕುವಳು; ಒಗ್ಗರಣೆಯ ಸೌಟು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ಪಡಸಾಲೆಯಲ್ಲಿ ಪಾವಣ್ಯಾರು, ಅಂದರೆ ಅತಿಥಿಗಳು, ಕೂತಿರುವಾಗ ಕೈ ಬಿಗಿ ಹಿಡಿಯುವುದು ಆ ಹೆಂಗಸಿಗೆ ಗೊತ್ತೇ ಇರಲಿಲ್ಲ.

ಹಾಗಾದರೆ ಪಾವಣ್ಯಾರಾಗಿ ಕೂತರೆ ಆಗದು ಎಂದುಕೊಂಡಳು ನೀಲಾಂಬಿಕಾ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿದಳು. ನೀರು ಹೊತ್ತಳು. ಕಂಡಿಕೆ ಸುತ್ತಲು ಕೂತು ದಾರ ಹರಿದಳು. ಮತ್ತೆ ಸುತ್ತಿದಳು, ಮತ್ತೆ ಹರಿದಳು. ಶೈಲಾ ನಕ್ಕು ನಕ್ಕು ಕೆಮ್ಮಿದಳು. ಕಾಶವ್ವ ಮೊದಮೊದಲು, "ಬಿಡ್ರಿ ಅಕ್ಕಾರ, ನೀವ್ಯಾಕ" ಎಂದವಳು, ಆಮೇಲೆ ಸುಮ್ಮನಾದಳು. ಆಮೇಲೆ ಮುಖ ಗಂಟಿಕ್ಕತೊಡಗಿದಳು.

ಒಂದು ಬೆಳಿಗ್ಗೆ ಇಳಕಲ್ಲಿನ ವ್ಯಾಪಾರಿ ಖಣಕ್ಕೆ ಅವಸರ ಹಚ್ಚಿದ್ದ. ನೀಲಾಂಬಿಕಾ ಮತ್ತೊಂದು ಕಂಡಿಕೆಯ ದಾರ ಗೋಜಲು ಮಾಡಿ ಕೂತಿದ್ದಳು. ಕಾಶವ್ವನ ಪಿತ್ತ ನೆತ್ತಿಗೇರಿತು.

"ಏ ನೀಲಾ! ಕೈ ಐತೋ ಕಟಗಿ ಐತೋ ನಿಂದು? ಕಲತಾಕಿ ಅಂತ, ಏನ್ ಕಲತಿ? ಏಳು, ಬುಟ್ಟ್ಯಾಗ ನಿನ್ನೀ ರೊಟ್ಟಿ ಅದಾವ, ಹಸಿಖಾರ ಹಚ್ಚಿಕೊಂಡು ತಿಂದು ಬಾ. ಅಡಗಿ ಆದಾಗ ಆತು, ಇವತ್ತು ನಿನಗ ಬಡಸಕೋತ ಕುಂಡ್ರಾಕ ನನಗ ಪುರುಸೊತ್ತಿಲ್ಲ."

ನೀಲಾಂಬಿಕಾಳ ಕಣ್ಣು ತುಂಬಿ ಬಂದವು. ಬೈಗುಳಕ್ಕಲ್ಲ, ಸಂತೋಷಕ್ಕೆ! ಅಡುಗೆಮನೆಗೆ ಓಡಿ, ತಂಗಳು ರೊಟ್ಟಿಗೆ ಖಾರ ಹಚ್ಚಿ, ತುತ್ತು ಹಿಡಿದು ಚಿತ್ರ ತೆಗೆದು, ಧಾರವಾಡಕ್ಕೆ ಫೋನ್ ಮಾಡಿದಳು. "ಬಂತವಾ, ಖರೇ ತಾಟು ಬಂತು! ಬೈಸಿಕೊಂಡೆ!" ಎಂದು ಕೂಗಿದಳು. ಆ ಕಡೆಯ ಹುಡುಗಿಯರಿಗೆ ಮೇಡಂಗೆ ಬಿಸಿಲು ಹತ್ತಿತೇನೋ ಎನಿಸಿತು.

ಅಂದಿನಿಂದ ಆ ಮನೆಯ ಸಂಖ್ಯೆಗಳು ನಿಜವಾದವು. ಹಳೆಯ ನೀರು ಪಲ್ಯದ ಊಟವನ್ನೂ ಒಮ್ಮೆ ಮಾಡಿಸಿ ಸುಟ್ಟಾಗ, ಶೈಲಾ ಇಷ್ಟು ದಿನ ತಿನ್ನುತ್ತಿದ್ದುದು ಹನ್ನೆರಡು ನೂರು ಕ್ಯಾಲರಿಯೂ ಇರಲಿಲ್ಲ ಎಂದು ಗುಂಡು ಹೇಳಿತು. ಈಗ ಅವಳ ಪ್ರತಿ ತುತ್ತಿಗೂ ಎಷ್ಟು ಎಣ್ಣೆ, ಎಷ್ಟು ಶೇಂಗಾಪುಡಿ ಎಂದು ಅತ್ತೆ ಅಳೆದು ಹಾಕಿದಳು, ನೀಲಾಂಬಿಕಾ ಸುಡಿಸಿ ತಾಳೆ ನೋಡಿದಳು. ಕೇಂದ್ರ ಜಿಲ್ಲೆಜಿಲ್ಲೆಗೆ ಹೊಸ ಜನ ಕಳಿಸಿತು; ಯಾವ ಮನೆಯಲ್ಲಾದರೂ ಸರಿ, ಬೈಸಿಕೊಳ್ಳುವವರೆಗೆ ಡಬ್ಬಿ ತುಂಬಬಾರದು ಎಂಬುದು ಅವರಿಗಿದ್ದ ಒಂದೇ ನಿಯಮ. ಹೊಸ ತುತ್ತು ಚಿತ್ರ ತೆಗೆದ ಕೂಡಲೇ ಸಂಖ್ಯೆ ಹೇಳುತ್ತಿರಲಿಲ್ಲ. 'ಈ ಅಡುಗೆ ಯಾರಿಗಾಗಿ ಮಾಡಿದ್ದು?' ಎಂದು ಮೊದಲು ಕೇಳುತ್ತಿತ್ತು. ಇಂಥ ಪ್ರಶ್ನೆ ಕೇಳುವ ಯಂತ್ರ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ.

ಸಭೆಯ ದಿನ ಬೆಳಗಾವಿಯಲ್ಲಿ ಶೈಲಾಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುತ್ತಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ. ನಲವತ್ತು ಕೆಜಿ ಮುನ್ನೂರು ಗ್ರಾಂ. ಇನಾಮದಾರರು ಅಷ್ಟಕ್ಕೇ ಒಪ್ಪಲಿಲ್ಲ. ಬಗ್ಗಿ ಅವಳ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರು. ನೀರು ತುಂಬಿದ ಕಾಲಾದರೆ ಒತ್ತಿದಲ್ಲಿ ಕುಳಿ ಉಳಿಯುತ್ತದೆ. ಕುಳಿ ಬೀಳಲಿಲ್ಲ. "ಇದು ಊಟದ ತೂಕ" ಎಂದು ಅವರು ನಕ್ಕರು. ಕಾಶವ್ವ ಆಸ್ಪತ್ರೆಯೆಂಬುದನ್ನೂ ಮರೆತು ಸೊಸೆಯ ಮುಖ ನೀವಿ ನೆಟಿಗೆ ಮುರಿದಳು.

ಕವಾಟ ಬದಲಾಯಿತು. ಕೆಲವು ದಿನಗಳ ಮೇಲೆ ವಾರ್ಡಿಗೆ ತಂದು ಮಲಗಿಸಿದಾಗ ಶೈಲಾಳ ತುಟಿ ಮೊದಲ ಸಲ ಕೆಂಪಗಿತ್ತು. ಕಣ್ಣು ಬಿಟ್ಟು ಗಂಡನನ್ನು ನೋಡಿದಳು, ನೀಲಾಂಬಿಕಾಳನ್ನು ನೋಡಿದಳು, ಅತ್ತೆಯ ಸೆರಗು ಹಿಡಿದು ಎಳೆದಳು.

"ಅತ್ತೀ" ಎಂದಳು, "ಹಸಿವ್ಯಾಗೇತಿ. ಭಾಳ ಹಸಿವ್ಯಾಗೇತಿ."

ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಎಲ್ಲರೂ ಅವಳಿಗೆ ಉಣ್ಣು ಉಣ್ಣು ಎಂದಿದ್ದರು. ಹಸಿವೆಯೆಂದು ಅವಳು ಕೇಳಿದ್ದು ಅದೇ ಮೊದಲು. ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಅಲ್ಲೇ ನಿಂತಿದ್ದ ನರ್ಸಿನ ಕಡೆ ತಿರುಗಿ, "ಏನ್ ನೋಡಕೋತ ನಿಂತೀರಿ ನಮ್ಮವ್ವಾ, ಹುಡಿಗಿ ಹಸದೈತಿ, ಏನರ ಕೊಡ್ರಲ್ಲ" ಎಂದು ವಾರ್ಡೆಲ್ಲ ಕೇಳುವಂತೆ ಕೂಗಿದಳು.